ಅಕ್ಕಿ ತೊಳೆಯುವ ನಾವು ಜಲ್ಲಿ ತೊಳೆಯಬೇಡವೇ?

ಕಳೆದ ತಿಂಗಳು ಕೊಚ್ಚಿಯಲ್ಲಿ ನಡೆದ ಕನ್ನಡ ಹೋಟೆಲು ಕೆಲಸಗಾರರ ಸಭೆಯಲ್ಲಿ ನಾವೊಂದು ಮಾತು ಎತ್ತಿದೆವು. ಪಗಾರ, ಹೆಚ್ಚು ಹೊತ್ತಿನ ದುಡಿಮೆಗೆ ಕೂಲಿ, ವಾರದ ರಜೆ ಇವುಗಳ ಜತೆಗೆ ನಾವು ಮಲಗುವ ಕೋಣೆಯ ತಾರಸಿಯೂ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸೇರಬೇಕು. ಕೆಲಸಗಾರರಿಗಾಗಿ ಹೊಸದಾಗಿ ಕಟ್ಟುವ ಕೋಣೆಗಳಿಗೆ ತೊಳೆದ ಜಲ್ಲಿ, ಮಣ್ಣಿಲ್ಲದ ಹೊಯಿಗೆ, ಉಪ್ಪಿಲ್ಲದ ನೀರು ಇವನ್ನೇ ಉಪಯೋಗಿಸತಕ್ಕದ್ದೆಂದು ಮಾಲಿಕರಿಂದ ಬರೆಸಿಕೊಳ್ಳಬೇಕು ಎಂದೆವು. ಸಭೆಯಲ್ಲಿ ನಗೆ ಎದ್ದಿತು. “ಹೊಟ್ಟೆಯ ಮಾತು ಬಿಟ್ಟು ಜಲ್ಲಿಯ ಮಾತೇ?” ಎಂದು ಹಿರಿಯರೊಬ್ಬರು ಕೇಳಿದರು. “ನಾವೇನು ಇಂಜಿನಿಯರರೇ?” ಎಂದರು ಇನ್ನೊಬ್ಬರು. ಅಂದು ಹೊತ್ತಾಗಿತ್ತು, ಉತ್ತರ ಕೊಡಲಾಗಲಿಲ್ಲ. ಇಂದು ಕೊಡುತ್ತೇವೆ.

ನಾವು ಇಂಜಿನಿಯರರಲ್ಲ, ನಿಜ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹೋಟೆಲು ಸೇರಿದವರು. ಅಲ್ಲಿ ಮೊದಲ ದಿನವೇ ಅಡಿಗೆ ಭಟ್ಟರು ಕಲಿಸಿದ ಪಾಠ ಇಂದಿಗೂ ನೆನಪಿದೆ: “ಏ ಮಾಣೀ, ಅಕ್ಕಿ ಮೂರು ನೀರಿನಲ್ಲಿ ತೊಳಿ. ನೀರು ತಿಳಿಯಾಗುವವರೆಗೆ ಒಲೆಯ ಹತ್ತಿರ ಬರಬೇಡ.” ಕಲ್ಲು ಸಿಕ್ಕಿದ ಒಂದು ತುತ್ತಿಗೆ ಗಿರಾಕಿ ಎದ್ದು ಹೋಗುತ್ತಾನೆ, ಮಾಲಿಕರು ಮಾಣಿಯ ಕಿವಿ ಹಿಂಡುತ್ತಾರೆ. ಒಂದು ಹೊತ್ತಿನ ಅನ್ನಕ್ಕೆ ಇಷ್ಟು ಶುದ್ಧಿ ಬೇಕಾದರೆ, ಐವತ್ತು ವರ್ಷ ತಲೆಯ ಮೇಲೆ ನಿಲ್ಲಬೇಕಾದ ತಾರಸಿಗೆ ಎಷ್ಟು ಶುದ್ಧಿ ಬೇಕು?

ಈ ಮಾತು ನಮಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ. ಎರ್ನಾಕುಲದ ಒಂದು ಹೋಟೆಲಿನಲ್ಲಿ ನಾವು ದುಡಿಯುತ್ತಿದ್ದಾಗ ಅಡಿಗೆಮನೆಯ ಮೇಲಣ ಕೋಣೆಯಲ್ಲಿ ಎಂಟು ಮಂದಿ ಮಲಗುತ್ತಿದ್ದೆವು. ಆಟಿಯ ಮಳೆ ಹಿಡಿದಿದ್ದ ಒಂದು ರಾತ್ರಿ ತಾರಸಿಯ ಅಡಿಭಾಗದಿಂದ ಒಂದು ಗಟ್ಟಿ, ಇಡ್ಲಿ ತಟ್ಟೆಯಷ್ಟು ಅಗಲದ್ದು, ಕಳಚಿ ಬಿತ್ತು. ಪಾತ್ರೆ ತೊಳೆಯುವ ಹುಡುಗನ ಹೆಗಲ ಮೇಲೆ ಬಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆಯ ಮೇಲೆ. ಅವನು ಎರಡು ತಿಂಗಳು ಕೈ ಎತ್ತಲಾರದೆ ಊರಿಗೆ ಹೋದ. ಆ ಎರಡು ತಿಂಗಳ ಪಗಾರ ಅವನಿಗೆ ಬರಲಿಲ್ಲ. “ಸಮುದ್ರದ ಗಾಳಿ, ಹಳೆಯ ಕಟ್ಟಡ, ಏನು ಮಾಡುವುದು?” ಎಂದರು ಮಾಲಿಕರು. ಹಳೆಯ ಕಟ್ಟಡ! ಕಟ್ಟಿ ಹನ್ನೆರಡು ವರ್ಷವೂ ತುಂಬಿರಲಿಲ್ಲ.

ಬಿದ್ದ ಗಟ್ಟಿಯನ್ನು ಬೆಳಗ್ಗೆ ಹಗಲು ಬೆಳಕಿನಲ್ಲಿ ನೋಡಿದೆವು. ಬೆರಳಿನಿಂದ ಒತ್ತಿದರೆ ಉದುರುತ್ತಿತ್ತು. ಒಳಗಿನ ಜಲ್ಲಿ ಒಡೆದಿರಲಿಲ್ಲ. ಹಣ್ಣಿನಿಂದ ಬೀಜ ಜಾರುವಂತೆ ಇಡಿಯಾಗಿ ಜಾರಿ ಬರುತ್ತಿತ್ತು. ಜಲ್ಲಿಯ ಮೈಮೇಲೆ ಕೆಂಪು ಹುಡಿ, ನಡುನಡುವೆ ಮಣ್ಣಿನ ಉಂಡೆ, ಅಲ್ಲೊಂದು ಇಲ್ಲೊಂದು ಚಿಪ್ಪಿನ ಚೂರು. ಮೇಲೆ ನೋಡಿದರೆ ಕಬ್ಬಿಣದ ಸರಳು ತುಕ್ಕು ಹಿಡಿದು ಬಾತುಕೊಂಡಿತ್ತು. ಆ ಗಟ್ಟಿಯೇ ನಮಗೆ ಮೊದಲ ಪಾಠಪುಸ್ತಕವಾಯಿತು. ಅನಂತರ ಮೇಸ್ತ್ರಿಗಳನ್ನು ಕೇಳಿದೆವು, ಬಲ್ಲವರನ್ನು ಕೇಳಿದೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಕಾಂಕ್ರೀಟು ಎಂದರೇನು? ಜಲ್ಲಿ, ಹೊಯಿಗೆ, ಸಿಮೆಂಟು, ನೀರು. ಸಿಮೆಂಟು ಮತ್ತು ನೀರು ಸೇರಿ ಅಂಟಾಗುತ್ತದೆ. ಆ ಅಂಟು ಜಲ್ಲಿಯನ್ನೂ ಹೊಯಿಗೆಯನ್ನೂ ಹಿಡಿದು ಕಲ್ಲಾಗುತ್ತದೆ. ಸಂಘದ ಪೋಸ್ಟರು ಅಂಟಿಸಲು ಮೈದಾದ ಗಂಜಿ ಕಾಯಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಧೂಳು ಹಿಡಿದ ಗೋಡೆಗೆ ಅಂಟಿಸಿದ ಪೋಸ್ಟರು ಬೆಳಗಾಗುವಷ್ಟರಲ್ಲಿ ಕೆಳಗೆ ಬಿದ್ದಿರುತ್ತದೆ. ಗಂಜಿ ಕೆಟ್ಟದ್ದಲ್ಲ, ಕಾಗದ ಕೆಟ್ಟದ್ದಲ್ಲ. ಗಂಜಿ ಹಿಡಿದದ್ದು ಗೋಡೆಯನ್ನಲ್ಲ, ಧೂಳನ್ನು. ಜಲ್ಲಿಯ ಮೇಲೆ ಹುಡಿ ಕೂತಿದ್ದರೆ ಸಿಮೆಂಟು ಹಿಡಿಯುವುದು ಹುಡಿಯನ್ನೇ. ಭಾರ ಬಿದ್ದಾಗ ಜಲ್ಲಿ ಒಂದು ಕಡೆ, ಸಿಮೆಂಟು ಒಂದು ಕಡೆ. ನಮ್ಮ ಕೋಣೆಯಲ್ಲಿ ಜಲ್ಲಿ ಜಾರಿ ಬಂದದ್ದು ಹೀಗೆ.

ಗಿರಣಿಯ ಬಂಧುಗಳಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹತ್ತಿಯ ಕಸ ತೆಗೆಯದೆ ನೂಲಿಗೆ ಬಿಟ್ಟರೆ ಎಳೆ ಹೆಜ್ಜೆ ಹೆಜ್ಜೆಗೆ ಕಡಿಯುತ್ತದೆ. ಕಡಿದ ಎಳೆಗೆ ಬೈಗುಳ ಯಾರಿಗೆ? ಹತ್ತಿ ಕೊಂಡವನಿಗಲ್ಲ, ಯಂತ್ರದ ಮುಂದೆ ನಿಂತವನಿಗೆ. ಈ ಮಾತನ್ನು ನೆನಪಿಡಿ. ಮತ್ತೆ ಅದಕ್ಕೇ ಬರುತ್ತೇವೆ.

ಕೊಳೆಯ ಎರಡನೆಯ ಕೇಡು ನೀರಿನ ಮೂಲಕ. ಜೇಡಿ ಮಣ್ಣು ನೀರು ಕುಡಿಯುತ್ತದೆ. ಹೊಯಿಗೆಯಲ್ಲಿ ಮಣ್ಣಿದ್ದರೆ ಕಲಸು ಬಿಗಿಯಾಗುತ್ತದೆ, ಬಾಂಡ್ಲಿಯಿಂದ ಬೀಳುವುದಿಲ್ಲ. ಆಗ ಮೇಸ್ತ್ರಿ ಕೂಗುತ್ತಾನೆ: “ಇನ್ನೊಂದು ಬಕೆಟು ನೀರು!” ಹಿಟ್ಟಿಗೆ ನೀರು ಹೆಚ್ಚಾದರೆ ದೋಸೆ ಏಳುವುದಿಲ್ಲವಲ್ಲ, ಕಾಂಕ್ರೀಟೂ ಹಾಗೆಯೇ. ಸಿಮೆಂಟಿಗೆ ನೀರಿನ ಪ್ರಮಾಣ ಏರಿದಷ್ಟೂ ಕಾಂಕ್ರೀಟಿನ ಶಕ್ತಿ ಇಳಿಯುತ್ತದೆ ಎಂಬುದನ್ನು ಅಮೆರಿಕದ ಡಫ್ ಅಬ್ರಾಮ್ಸ್ ಎಂಬವರು 1918ರಲ್ಲಿಯೇ ಪರೀಕ್ಷೆ ಮಾಡಿ ತೋರಿಸಿದರು. ನಮ್ಮ ದೇಶದ ಐಎಸ್ 456 ಎಂಬ ನಿಯಮವು ಮನೆಯ ತಾರಸಿಗೆ ಬಳಸುವ ಎಂ 20 ಎಂಬ ಸಾಮಾನ್ಯ ಮಿಶ್ರಣಕ್ಕೆ 50 ಕಿಲೋದ ಒಂದು ಚೀಲ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಹಾಕಕೂಡದೆಂದು ಹೇಳುತ್ತದೆ. ಎರಡು ದೊಡ್ಡ ಬಕೆಟು, ಅಷ್ಟೇ. ಮಣ್ಣಿನ ಹೊಯಿಗೆ ಹಾಕಿದಲ್ಲಿ ಮೂರನೆಯ ಬಕೆಟು ತಾನಾಗಿ ಬರುತ್ತದೆ. ಹೆಚ್ಚಿನ ನೀರು ಒಣಗಿ ಹೋದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಆ ತೂತುಗಳಲ್ಲಿ ಮಳೆಗಾಲ ಒಳಗೆ ಬಂದು ಕೂರುತ್ತದೆ.

ಮೂರನೆಯ ಕೇಡು ಉಪ್ಪು. ಕೊಚ್ಚಿಯಲ್ಲಿ ಇದೇ ದೊಡ್ಡ ಶತ್ರು. ಸಿಮೆಂಟಿನ ಕ್ಷಾರಗುಣ ಕಬ್ಬಿಣದ ಮೇಲೆ ತೆಳ್ಳನೆಯ ಪೊರೆಯೊಂದನ್ನು ಉಂಟುಮಾಡಿ ತುಕ್ಕು ಬಾರದಂತೆ ಕಾಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಆ ಪೊರೆಯನ್ನು ಮುರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ; ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಅಳಿವೆಯ ಹೊಯಿಗೆ, ಕಡಲ ಹೊಯಿಗೆ, ಕಾಯಲಿನ ಪಕ್ಕದ ಬಾವಿಯ ಸಪ್ಪೆ ಉಪ್ಪುನೀರು, ಇವು ತಾರಸಿಯೊಳಗೆ ಹೋದರೆ ಅಂದೇ ಏನೂ ಕಾಣುವುದಿಲ್ಲ. ವರ್ಷಗಳ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಕಂತ್ರಾಟುದಾರ ಹಣ ಎಣಿಸಿಕೊಂಡು ಹೋಗಿಯಾಗಿರುತ್ತದೆ. ಸರಳು ಹಾಕಿದ ಕಾಂಕ್ರೀಟಿನ ಒಂದು ಘನಮೀಟರಿನಲ್ಲಿ ಕ್ಲೋರೈಡು 0.6 ಕಿಲೋ ಮೀರಬಾರದು, ಕಲಸುವ ನೀರಿನ ಒಂದು ಲೀಟರಿನಲ್ಲಿ 500 ಮಿಲಿಗ್ರಾಂ ಮೀರಬಾರದು ಎಂದು ಅದೇ ಐಎಸ್ 456 ಹೇಳುತ್ತದೆ.

ಇದು ಬಡವರ ಕೋಣೆಯ ಕತೆ ಮಾತ್ರ ಎಂದು ತಿಳಿಯಬೇಡಿ. ಕೊಚ್ಚಿಯ ವೈಟ್ಟಿಲದಲ್ಲಿ ಸೈನಿಕರಿಗೂ ನಿವೃತ್ತ ಸೈನಿಕರಿಗೂ ಎಂದು ಕಟ್ಟಿ 2018ರಲ್ಲಿ ಒಪ್ಪಿಸಿದ ಚಂದರ್ ಕುಂಜ್ ಎಂಬ ಬಹುಮಹಡಿ ವಸತಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿ ಮತ್ತು ಸಿ ಗೋಪುರಗಳ ಕಾಂಕ್ರೀಟು ಉದುರತೊಡಗಿತು. ತಜ್ಞರ ಪರೀಕ್ಷೆಯಲ್ಲಿ ಕ್ಲೋರೈಡು ಹೆಚ್ಚಾಗಿರುವುದು ಕಂಡುಬಂತು. 2025ರ ಫೆಬ್ರವರಿಯಲ್ಲಿ ಕೇರಳದ ಹೈಕೋರ್ಟು ಆ ಎರಡು ಗೋಪುರಗಳನ್ನು ಕೆಡವಿ ಮತ್ತೆ ಕಟ್ಟಬೇಕೆಂದು ಆಜ್ಞೆ ಮಾಡಿತು. ಏಳು ವರ್ಷಕ್ಕೆ ಕೆಡವುವ ಮಾತು! ಆಯುಷ್ಯದ ಉಳಿತಾಯವನ್ನು ಅಲ್ಲಿ ಹಾಕಿದವರ ಹೊಟ್ಟೆಯ ಉರಿ ಹೇಗಿರಬೇಕು? ಅವರಾದರೂ ವಕೀಲರನ್ನು ಹಿಡಿದು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಪಾತ್ರೆ ತೊಳೆಯುವ ಹುಡುಗ ಯಾವ ಮೆಟ್ಟಿಲು ಹತ್ತಬೇಕು?

ಈಗ ಎದುರು ಮಾತುಗಳನ್ನು ನೋಡೋಣ. ಕಂತ್ರಾಟುದಾರರ ಮೊದಲ ಮಂತ್ರ: “ಸಿಮೆಂಟು ಒಂದಿಷ್ಟು ಹೆಚ್ಚು ಹಾಕಿದರೆ ಎಲ್ಲ ಸರಿಯಾಗುತ್ತದೆ.” ಇದು ಶುದ್ಧ ಸುಳ್ಳು. ಜಲ್ಲಿಯ ಮೇಲಣ ಹುಡಿಯನ್ನು ದಾಟಿ ಸಿಮೆಂಟು ಕಲ್ಲನ್ನು ಮುಟ್ಟುವುದಿಲ್ಲ. ಸೇರಿಹೋದ ಉಪ್ಪೂ ಹೆಚ್ಚಿನ ಸಿಮೆಂಟಿಗೆ ಹೆದರಿ ಹೊರಗೆ ಹೋಗುವುದಿಲ್ಲ. ಹೆಚ್ಚಿನ ಸಿಮೆಂಟಿಗೆ ಹಣ ಕೊಡುವವರು ಯಾರು? ಮನೆ ಕಟ್ಟಿಸುವವರು. ತೊಳೆಯುವ ಒಂದು ಆಳಿನ ಒಂದು ದಿನದ ಕೂಲಿ ಉಳಿಸಿದವರು ಯಾರು? ಕಂತ್ರಾಟುದಾರರು. ಲೆಕ್ಕ ಸ್ಪಷ್ಟವಾಗಿದೆ.

ಎರಡನೆಯ ಮಾತು: “ಒಳ್ಳೆಯ ಹೊಯಿಗೆ ಎಲ್ಲಿದೆ?” ಇದರಲ್ಲಿ ಅರ್ಧ ಸತ್ಯವಿದೆ. ಕೇರಳದ ಹೊಳೆಗಳನ್ನು ಅಗೆದು ಅಗೆದು ತಳ ಕಾಣಿಸಿದ ಮೇಲೆ 2001ರಲ್ಲಿ ಹೊಳೆಯ ದಂಡೆಗಳನ್ನು ಕಾಯುವ, ಹೊಯಿಗೆ ತೆಗೆಯುವುದಕ್ಕೆ ಮಿತಿ ಹಾಕುವ ಕಾನೂನು ಬಂತು. ಅದು ಬರಲೇಬೇಕಾಗಿತ್ತು. ಈಗ ಹೆಚ್ಚಿನ ಕಡೆ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡು. ಅದು ಕೆಟ್ಟದ್ದಲ್ಲ, ಸರಿಯಾಗಿ ಅರೆದು ತೊಳೆದದ್ದಾದರೆ ಒಳ್ಳೆಯದೇ. ಆದರೆ ಕ್ವಾರಿಯಲ್ಲಿ ಉಳಿದ ಹುಡಿಯನ್ನೇ ಗುಡಿಸಿ ತಂದು ಎಂ-ಸ್ಯಾಂಡು ಎಂದು ಮಾರುವವರೂ ಇದ್ದಾರೆ. ಐಎಸ್ 383ರ 2016ರ ಆವೃತ್ತಿಯಂತೆ ಹೊಳೆಯ ಹೊಯಿಗೆಯಲ್ಲಿ 75 ಮೈಕ್ರಾನಿಗಿಂತ ಸಣ್ಣ ಹುಡಿ ತೂಕದಲ್ಲಿ ನೂರಕ್ಕೆ 3 ಮೀರಬಾರದು, ಜಲ್ಲಿಯಲ್ಲಿ ನೂರಕ್ಕೆ 1. ಅರೆದ ಹೊಯಿಗೆಗೆ ನೂರಕ್ಕೆ 15ರವರೆಗೆ ಬಿಟ್ಟಿದ್ದಾರೆ. ಏಕೆಂದರೆ ಅದು ಕಲ್ಲಿನ ಹುಡಿ, ಮಣ್ಣಲ್ಲ. ಈ ರಿಯಾಯಿತಿಯ ಮರೆಯಲ್ಲಿ ಕೆಂಪು ಮಣ್ಣನ್ನು ಸೇರಿಸಿ ಮಾರಿದರೆ ಅದು ಕಳ್ಳತನವಲ್ಲದೆ ಮತ್ತೇನು? ಮಣ್ಣಿನ ಉಂಡೆಗಳಂತೂ ಯಾವುದರಲ್ಲಿಯೂ ನೂರಕ್ಕೆ 1 ಮೀರಕೂಡದು.

ಮೂರನೆಯ ಮಾತು ಎಲ್ಲಕ್ಕಿಂತ ಹೊಲಸು: “ಕೆಲಸದವರು ಸರಿಯಿಲ್ಲ. ಬಂಗಾಳ, ಒರಿಸ್ಸಾದಿಂದ ಬಂದವರಿಗೆ ಏನು ಗೊತ್ತು?” ಬಂಧುಗಳೇ, ಇದೇ ಮಾತನ್ನು ನಮ್ಮ ಬಗ್ಗೆಯೂ ಆಡಿದ್ದಾರೆ. ಸಾಂಬಾರು ಹಳಸಿದರೆ ಮಾಣಿಯ ತಪ್ಪು, ಎಳೆ ಕಡಿದರೆ ಗಿರಣಿಯವನ ತಪ್ಪು, ತಾರಸಿ ಬಿರಿದರೆ ಬಾಂಡ್ಲಿ ಹೊತ್ತವನ ತಪ್ಪು! ಜಲ್ಲಿಯ ಲಾರಿಯನ್ನು ಗೊತ್ತುಮಾಡಿದವನು ಬಾಂಡ್ಲಿ ಹೊತ್ತವನೇ? ಕೆಸರಿನ ನೆಲದ ಮೇಲೆ ಜಲ್ಲಿ ಸುರಿಯಲು ಹೇಳಿದವನು ಅವನೇ? ಸಂಜೆಯೊಳಗೆ ಸ್ಲಾಬು ಮುಗಿಯಬೇಕು, ತೊಳೆಯಲು ಹೊತ್ತಿಲ್ಲ ಎಂದು ಗದರಿಸಿದವನು ಅವನೇ? ಒಣ ಜಲ್ಲಿಯ ಹುಡಿಯನ್ನು ದಿನವಿಡೀ ಮೂಗಿನಿಂದ ಎಳೆದುಕೊಳ್ಳುವವನು ಮಾತ್ರ ಅವನು. ತೊಳೆದ ಜಲ್ಲಿ ಮನೆಗೆ ಒಳ್ಳೆಯದು, ಅವನ ಶ್ವಾಸಕೋಶಕ್ಕೂ ಒಳ್ಳೆಯದು. ಹೊಲಸು ಜಲ್ಲಿಯನ್ನು ಕಲಸುವುದಿಲ್ಲ ಎಂದು ಹೇಳುವ ಹಕ್ಕು ಅವನಿಗೆ ಬೇಕು. ಹಾಗೆ ಹೇಳಿದ ದಿನ ಅವನ ಕೂಲಿ ಹೋಗಬಾರದು.

“ತೊಳೆಯಿರಿ ಎನ್ನುವುದು ದುಡ್ಡಿದ್ದವರ ಮಾತು; ನಮಗೆ ಉಳಿತಾಯ ಬೇಕು” ಎನ್ನುವ ನಮ್ಮವರೂ ಇದ್ದಾರೆ. ಅವರು ಒಮ್ಮೆ ತಿರುವನಂತಪುರಕ್ಕೆ ಬರಲಿ. ತಂಪಾನೂರಿನಲ್ಲಿ ಸುರುಳಿಯಾಗಿ ಮೇಲಕ್ಕೇರುವ ಇಟ್ಟಿಗೆಯ ಇಂಡಿಯನ್ ಕಾಫಿ ಹೌಸಿದೆ. ಅದು ಕೆಲಸಗಾರರದೇ ಸಹಕಾರ ಸಂಘದ ಹೋಟೆಲು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಬಿಟ್ಟಾಗ ಎ. ಕೆ. ಗೋಪಾಲನ್ ಅವರ ಮುಂದಾಳ್ತನದಲ್ಲಿ ಅವರೇ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ತಂಪಾನೂರಿನ ಆ ಕಟ್ಟಡವನ್ನು ಯೋಜಿಸಿದವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲಸಿ, 2007ರಲ್ಲಿ ಅಲ್ಲಿಯೇ ತೀರಿಕೊಂಡವರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವುದನ್ನೇ ಬಾಳಿನ ಕೆಲಸ ಮಾಡಿಕೊಂಡವರು. ತಾರಸಿಯ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕಡೆ ಹಳೆಯ ಮಂಗಳೂರು ಹಂಚುಗಳನ್ನು ಇಟ್ಟು ಅವರು ಸಿಮೆಂಟು, ಕಬ್ಬಿಣ ಎರಡನ್ನೂ ಉಳಿಸಿದರು. ಎಲ್ಲಿ ಬೇಡವೋ ಅಲ್ಲಿ ಸಾಮಾನು ಹಾಕದಿರುವುದು ಉಳಿತಾಯ. ಬೇಕಾದಲ್ಲಿ ಹಾಕಿದ ಸಾಮಾನನ್ನು ಹೊಲಸು ಮಾಡುವುದು ಉಳಿತಾಯವಲ್ಲ, ಮೋಸ. ಕಾಂಕ್ರೀಟು ಕಡಿಮೆಯಾದಷ್ಟೂ ಇರುವ ಕಾಂಕ್ರೀಟು ಶುದ್ಧವಾಗಿರಬೇಕು.

ಮುಂಬಯಿಯ ಓದುಗರು ಕೇಳಬಹುದು: ಕೊಚ್ಚಿಯ ಜಲ್ಲಿ ನಮಗೇಕೆ? ನಿಮ್ಮದೂ ಕಡಲ ಕರೆಯ ಊರೇ ಅಲ್ಲವೇ? ಹೋಟೆಲಿನ ಮೇಲಣ ಕೋಣೆ ಅಲ್ಲಿಯೂ ಇದೆ. 1982ರ ಮುಷ್ಕರದ ಮೇಲೆ ಗಿರಣಿ ಮುಚ್ಚಿ ಕೈಗೆ ಬಂದ ಹಣದಿಂದ ಊರಿನಲ್ಲಿ ಮನೆ ಕಟ್ಟಿಸಿದವರಿದ್ದಾರೆ. ಹೋಟೆಲಿನ ಪಗಾರದಲ್ಲಿ ತಿಂಗಳು ತಿಂಗಳು ಕಳಿಸಿ ಈಗ ಕಟ್ಟಿಸುತ್ತಿರುವವರೂ ಇದ್ದಾರೆ. ನಾವು ಇಲ್ಲಿ ಮೇಜು ಒರೆಸುತ್ತಿರುವಾಗ ಅಲ್ಲಿ ಸ್ಲಾಬು ಬೀಳುತ್ತದೆ. ನೋಡಲು ಮುದುಕಿ ತಾಯಿಯೊಬ್ಬಳು. ಕಂತ್ರಾಟುದಾರನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಆದಕಾರಣ ನಾವೇ ಪರೀಕ್ಷೆ ಮಾಡಲು ಕಲಿಯೋಣ. ಇದಕ್ಕೆ ಇಂಜಿನಿಯರರಾಗಬೇಕಾಗಿಲ್ಲ. ನೆಟ್ಟಗಿನ ಗಾಜಿನ ಬಾಟಲಿಯೊಂದರಲ್ಲಿ ಅರ್ಧದವರೆಗೆ ಹೊಳೆಯ ಹೊಯಿಗೆ ಹಾಕಿ. ಚಿಟಿಕೆ ಉಪ್ಪು ಬೆರೆಸಿದ ನೀರನ್ನು ಮುಕ್ಕಾಲು ಬಾಟಲಿಯವರೆಗೆ ಹೊಯ್ದು ಚೆನ್ನಾಗಿ ಕುಲುಕಿ, ಮೂರು ಗಂಟೆ ಅಲುಗಿಸದೆ ಇಡಿ. ಹೊಯಿಗೆ ತಳದಲ್ಲಿ ಕೂರುತ್ತದೆ, ಮಣ್ಣು ಅದರ ಮೇಲೆ ಪದರವಾಗಿ ಕೂರುತ್ತದೆ. ಹೊಯಿಗೆ 10 ಸೆಂಟಿಮೀಟರ್ ಎತ್ತರವಿದ್ದರೆ ಮಣ್ಣಿನ ಪದರ 8 ಮಿಲಿಮೀಟರ್ ಮೀರಬಾರದೆಂಬುದು ಕೆಲಸದ ಜಾಗದಲ್ಲಿ ಹಿಡಿಯುವ ಲೆಕ್ಕ. ಮೀರಿದರೆ ತೊಳೆಯಬೇಕು, ಇಲ್ಲವೇ ಲಾರಿಯನ್ನು ಹಿಂದಕ್ಕೆ ಕಳಿಸಬೇಕು. ಒಂದು ಹಿಡಿ ಹೊಯಿಗೆಯನ್ನು ಅಂಗೈಯಲ್ಲಿ ಉಜ್ಜಿ ಕೊಡವಿ. ಕೈಗೆ ಕೆಸರಿನ ಬಣ್ಣ ಹತ್ತಿದರೆ ಆಗಲೇ ಅನುಮಾನ ಪಡಿ. ಕಲಸುವ ನೀರನ್ನು ನಾಲಿಗೆಗೆ ಮುಟ್ಟಿಸಿ. ಉಪ್ಪೆನಿಸಿದರೆ ಬೇಡವೇ ಬೇಡ. ಉಪ್ಪೆನಿಸದಿದ್ದರೂ ಕಡಲ ಹತ್ತಿರದ ಊರಾದರೆ ಹೊಯಿಗೆ ಮತ್ತು ನೀರನ್ನು ಪ್ರಯೋಗಶಾಲೆಗೆ ಕಳಿಸಿರಿ.

ಜಲ್ಲಿಯನ್ನು ಸ್ಲಾಬಿನ ಹಿಂದಿನ ದಿನವೇ ಇಳಿಜಾರಾದ ತಗಡಿನ ಮೇಲೋ ಜಾಲರಿಯ ಮೇಲೋ ಹರಡಿ, ಹರಿದು ಹೋಗುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅಡಿಗೆ ಭಟ್ಟರ ಮಾತೇ ಇಲ್ಲಿಯೂ ನಿಯಮ. ನೀರು ಕಡಿಮೆಯಿದ್ದಲ್ಲಿ ಹರಿದದ್ದನ್ನು ಗುಂಡಿಯಲ್ಲಿ ಹಿಡಿದು, ಮಣ್ಣು ತಳಕ್ಕೆ ಇಳಿದ ಮೇಲೆ ಮೇಲಣ ತಿಳಿಯನ್ನು ಮತ್ತೆ ತೊಳೆಯಲು ಉಪಯೋಗಿಸಬಹುದು. ತೊಳೆದ ಜಲ್ಲಿಯನ್ನು ಪುನಃ ಮಣ್ಣಿನ ಮೇಲೆ ರಾಶಿ ಹಾಕಬಾರದು. ಕೆಳಗೆ ತಾಡಪಾಲು ಹಾಸಬೇಕು. ಒದ್ದೆ ಜಲ್ಲಿಯಲ್ಲಿ ನೀರು ಇದ್ದೇ ಇರುತ್ತದೆಯಾದ್ದರಿಂದ ಕಲಸುವಾಗ ಅಷ್ಟು ನೀರನ್ನು ಕಡಿಮೆ ಮಾಡಬೇಕು.

ಒಬ್ಬೊಬ್ಬರಾಗಿ ಕೇಳಿದರೆ ನಮ್ಮನ್ನು ನಕ್ಕು ಕಳಿಸುತ್ತಾರೆ. ಐರ್ಲೆಂಡಿನ ಡೊನೆಗಾಲ್ ಸೀಮೆಯಲ್ಲಿ ಕೆಟ್ಟ ಖನಿಜ ಬೆರೆತ ಕಲ್ಲಿನಿಂದ ಮಾಡಿದ ಕಾಂಕ್ರೀಟು ಇಟ್ಟಿಗೆಗಳು ಪುಡಿಯಾಗಿ ಸಾವಿರಾರು ಮನೆಗಳು ಬಿರಿದವು. ಒಬ್ಬೊಬ್ಬರ ಗೋಳನ್ನು ಯಾರೂ ಕೇಳಲಿಲ್ಲ. 2021ರಲ್ಲಿ ಸಾವಿರಾರು ಮಂದಿ ರಾಜಧಾನಿ ಡಬ್ಲಿನ್ನಿನ ಬೀದಿಗಿಳಿದು ಮೆರವಣಿಗೆ ಮಾಡಿದರು. ಆ ವರ್ಷವೇ ಸರ್ಕಾರ ಪರಿಹಾರದ ಮೊತ್ತವನ್ನು ಏರಿಸಬೇಕಾಯಿತು. ಮನೆಯ ಗೋಡೆಯ ಮಾತು ಬೀದಿಯ ಮಾತಾದ ಮೇಲೆಯೇ ಕಿವಿ ತೆರೆಯಿತು. ಸಂಘ ಎಂಬುದು ಇರುವುದು ಇದಕ್ಕೇ.

ನಾವು ಕೇಳುವುದು ಇಷ್ಟು. ಒಂದು: ಕೆಲಸಗಾರರು ಮಲಗುವ ಪ್ರತಿಯೊಂದು ಕೋಣೆಯ ತಾರಸಿಯನ್ನು ಮಳೆಗಾಲಕ್ಕೆ ಮೊದಲು ಬಲ್ಲವರಿಂದ ನೋಡಿಸಬೇಕು, ಉದುರುವ ತಾರಸಿಯ ಕೆಳಗೆ ಯಾರನ್ನೂ ಮಲಗಿಸಬಾರದು. ಎರಡು: ಹೊಸ ಕೋಣೆಯ ಕರಾರಿನಲ್ಲಿ ಜಲ್ಲಿ, ಹೊಯಿಗೆ, ನೀರು ಇವುಗಳ ಶುದ್ಧಿಯನ್ನು ಬರೆಯಬೇಕು, ಕಾಂಕ್ರೀಟಿನ ಅಚ್ಚುಗಳನ್ನು ತೆಗೆದು 28 ದಿನದ ಮೇಲೆ ಪ್ರಯೋಗಶಾಲೆಯಲ್ಲಿ ಒಡೆಸಿ ನೋಡಬೇಕು. ಮೂರು: ತಾರಸಿ ಬಿದ್ದು ಗಾಯವಾದರೆ ಔಷಧಿಯ ಖರ್ಚು, ಗುಣವಾಗುವವರೆಗೆ ಪೂರ್ತಿ ಪಗಾರ ಮಾಲಿಕರದು. ನಾಲ್ಕು: ನಮ್ಮ ಸಂಘದ ಪ್ರತಿಯೊಂದು ಶಾಖೆಯಲ್ಲಿ ಒಂದು ಗಾಜಿನ ಬಾಟಲಿ ಇರಬೇಕು. ಊರಿಗೆ ಮನೆ ಕಟ್ಟಿಸಲು ಹೋಗುವ ಸದಸ್ಯ ಅದನ್ನು ಹಿಡಿದುಕೊಂಡೇ ಹೋಗಲಿ.

ಹೊಟ್ಟೆಯ ಮಾತು ಬಿಟ್ಟು ಜಲ್ಲಿಯ ಮಾತೇ ಎಂದು ಕೇಳಿದ ಹಿರಿಯರಿಗೆ ನಮ್ಮ ಉತ್ತರ ಇದು: ಅಣ್ಣಾ, ಹೆಗಲು ಮುರಿದವನ ಹೊಟ್ಟೆ ಎರಡು ತಿಂಗಳು ಖಾಲಿಯಿತ್ತು. ಮುಂದಿನ ಸಭೆಗೆ ಬನ್ನಿ. ಆ ರಾತ್ರಿ ಬಿದ್ದ ಗಟ್ಟಿಯ ಒಂದು ಚೂರನ್ನು ನಾವು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡಿದ್ದೇವೆ. ಬೆರಳಿನಿಂದ ಒತ್ತಿ ನೋಡಿ. ಅನಂತರ ನಗಬೇಕೆನಿಸಿದರೆ ನಗಿರಿ.